ತೇಲಿಹೋದವನ ದೋಣಿ

ಕಿತಿಯೋನೆ ಸತ್ತದ್ದು ಪಂಗಾಯ್ ಬಂದರಿನ ಕಟ್ಟೆಯ ಮೇಲೆ, ಈರುಳ್ಳಿ ಮೂಟೆಗೆ ಒರಗಿಕೊಂಡು, ಉಣ್ಣೆ ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡು. ಬೆಳಗಿನ ಹೊತ್ತು. ಲಾಂಚಿಗೆ ಸಾಮಾನು ಏರಿಸುತ್ತಿದ್ದವರು ಮುದುಕನಿಗೆ ಜೋಂಪು ಹತ್ತಿದೆ ಎಂದುಕೊಂಡು ದನಿ ತಗ್ಗಿಸಿದರು. ಸಕ್ಕರೆ, ಸೀಮೆಎಣ್ಣೆ ಡಬ್ಬ, ಹಂದಿಮರಿಗಳ ಗೂಡು, ಯಾರದೋ ಹೊಸ ಹಾಸಿಗೆ, ಎಲ್ಲ ಹತ್ತಿತು. ಈರುಳ್ಳಿ ಮೂಟೆಯೊಂದು ಉಳಿಯಿತು. ಎಳೆದರೆ ಎಚ್ಚರವಾದೀತೆಂದು ಯಾರೂ ಕೈಹಾಕಲಿಲ್ಲ. ಕೊನೆಗೆ ಮಗಳು ಲೋಸಲಿನೆ ಚುಕ್ಕಾಣಿ ಬಿಟ್ಟು ಇಳಿದು ಬಂದಳು.

"ಅಪ್ಪಾ, ನೀರು ಇಳೀತಾ ಇದೆ. ಏಳಿ, ಮೂಟೆ ಬೇಕು."

ಮಕ್ಕಳು ತಂದೆಯ ತಲೆ ಮುಟ್ಟುವ ಹಾಗಿಲ್ಲ. ಅವಳು ಮೊಣಕಾಲೂರಿ ಕೈ ಮುಟ್ಟಿದಳು. ಕೈ ತಣ್ಣಗಿತ್ತು.

ಲೋಸಲಿನೆ ಕೂಗಿಕೊಳ್ಳಲಿಲ್ಲ. ಎದ್ದು ನಿಂತು, ಲಾಂಚಿನಲ್ಲಿ ಕೂತಿದ್ದವರ ಕಡೆ ತಿರುಗಿ, "ಇವತ್ತು ಬಿಡಲ್ಲ" ಎಂದಳು. ಅಷ್ಟು ಕೇಳಿದ್ದೇ ಹೆಂಗಸರು ಗೋಳೋ ಎಂದು ಅಳತೊಡಗಿದರು. ಭಾನುವಾರ ಮತ್ತು ಚಂಡಮಾರುತ ಬಿಟ್ಟರೆ ಆ ಮಾತನ್ನು ಆ ಕಟ್ಟೆಯ ಮೇಲೆ ಯಾರೂ ಯಾವತ್ತೂ ಕೇಳಿದವರಲ್ಲ.

ಹಾಪಾಯಿ ದ್ವೀಪಸಮೂಹದ ಚಿಕ್ಕಚಿಕ್ಕ ದ್ವೀಪಗಳಿಗೆ ಲಾಂಚು ಎಂದರೆ ಕಿತಿಯೋನೆ, ಕಿತಿಯೋನೆ ಎಂದರೆ ಲಾಂಚು. ದೊಡ್ಡದು 'ಫೆತುಆಹೋ', ಎಂದರೆ ಬೆಳ್ಳಿಚುಕ್ಕಿ. ಅದರ ಹಿಂದೆ ಇನ್ನೆರಡು ಮರಿ ಲಾಂಚುಗಳು. ಮಗ ಸೆಮಿಸಿ ಬಂದರಿನ ಅಂಗಡಿಯಲ್ಲಿ ಕೂತು ಬುಕಿಂಗ್ ನೋಡಿಕೊಳ್ಳುತ್ತಿದ್ದ. ಮಗಳು ಚುಕ್ಕಾಣಿ ಹಿಡಿಯುತ್ತಿದ್ದಳು. ಲೋಸಲಿನೆಗೆ ಅಪ್ಪ ಎಂದರೆ ಡೀಸೆಲ್ ವಾಸನೆ, ಗುನುಗುವ ಕೀರ್ತನೆ, ಸೆಕೆಯಲ್ಲೂ ತೆಗೆಯದ ಆ ಉಣ್ಣೆ ಟೋಪಿ. ಒಂದು ವಿಚಿತ್ರ ರೂಢಿಯೂ ಇತ್ತು: ಹಗ್ಗ ಬಿಚ್ಚುವ ಮೊದಲು ಕೂತವರ ಒಬ್ಬೊಬ್ಬರ ಮುಖವನ್ನೂ ನಿಂತು ನೋಡುವುದು. ಯಾರಾದರೂ ಬೇರೆ ಕಡೆ ನೋಡುತ್ತಿದ್ದರೆ ಅವರು ತಿರುಗುವವರೆಗೂ ಕಾಯುವುದು. ಎಣಿಸುತ್ತಿದ್ದಾನೆ ಎಂದು ಜನ ಅಂದುಕೊಂಡಿದ್ದರು. ಮಗಳೂ ಹಾಗೆಯೇ ಅಂದುಕೊಂಡಿದ್ದಳು.

ಮರುದಿನ ಕೋತು ದ್ವೀಪದಿಂದ ಸಣ್ಣ ದೋಣಿಯಲ್ಲಿ ಸಿಯಾಲೆ ಬಂದಿಳಿದಳು. ಕಿತಿಯೋನೆಯ ಅಕ್ಕ. ಅಲ್ಲಿ ಸತ್ತವನ ಅಕ್ಕ ಎಂದರೆ ಸಾವಿನ ಮನೆಯ ರಾಣಿ. ಅವಳು ಹೇಳಿದ್ದೇ ಕೊನೆ. ಕೋಲೂರಿಕೊಂಡು ಅಂಗಳಕ್ಕೆ ಬಂದದ್ದೇ ನಿಂತವರೆಲ್ಲ ಕೂತರು. ತಮ್ಮನ ತಲೆಯ ಬಳಿ ಹೋಗಿ ಕೂತಳು, ಕೆನ್ನೆಗೆ ಕೆನ್ನೆ ಒತ್ತಿದಳು. ಆಮೇಲೆ ಮುಖ ಒರೆಸಿಕೊಂಡು, "ಗುಂಡಿ ಎಲ್ಲಿ ತೋಡಿಸ್ತಿದೀರಿ?" ಎಂದಳು.

ಸೆಮಿಸಿ ತಲೆ ತಗ್ಗಿಸಿದ. "ಇಲ್ಲೇ ಅತ್ತೆ, ಪಂಗಾಯಲ್ಲಿ. ಅಮ್ಮನ ಗೋರಿ ಕೋತೂಲಿದೆ, ಗೊತ್ತು. ಆದ್ರೆ ಗಾಳಿ ನೋಡಿ ಹೇಗಿದೆ. ಎಲ್ಲಾ ದ್ವೀಪದವರಿಗೂ ಹೇಳಿಕಳಿಸಿದೀವಿ, ಅವರೇ ಇಲ್ಲಿಗೆ ಬರ್ತಾರೆ."

"ಅವರೇ ಬರ್ತಾರಾ?" ಸಿಯಾಲೆ ಕೋಲು ನೆಲಕ್ಕೆ ಕುಟ್ಟಿದಳು. "ನಿಮ್ಮಪ್ಪ ಯಾವತ್ತಾದ್ರೂ ಯಾರಿಗಾದ್ರೂ 'ನೀವೇ ಬನ್ನಿ' ಅಂದಿದ್ದುಂಟೇನೋ? ಅವನೇ ಹೋಗ್ತಿದ್ದ. ಈಗಲೂ ಅವನೇ ಹೋಗ್ತಾನೆ. ಉಯಿಹಾ, ತುಂಗುವಾ, ಹಾಫೆವಾ, ಎಲ್ಲಾ ಕಡೆ ನಿಂತು ಕೋತೂಗೆ ಹೋಗ್ತಾನೆ."

"ಅಲೆ ಜೋರಾಗಿದೆ ಅತ್ತೆ. ಕೋತೂ ಹವಳದ ದಿಬ್ಬದ ಬಾಯೊಳಕ್ಕೆ ನುಗ್ಗೋದು ಕಷ್ಟ. ದೊಡ್ಡ ಲಾಂಚಿಗೆ ಆ ದಾರಿ ಲೋಸಾ ಒಬ್ಬಳಿಗೇ ಗೊತ್ತಿರೋದು. ಅವಳು ಹೆಣದ ಜತೆ ಒಂದೇ ದೋಣೀಲಿ, ಅಷ್ಟು ಹತ್ತಿರ..."

ಸೆಮಿಸಿಯ ಮಾತಿನಲ್ಲಿ ಹುರುಳಿತ್ತು. ತಂದೆಯ ಸಾವಿನಲ್ಲಿ ಮಕ್ಕಳು ಎಲ್ಲರಿಗಿಂತ ಕೆಳಗೆ. ಹರಿದ ದೊಡ್ಡ ಚಾಪೆ ಮೈಗೆ ಸುತ್ತಿಕೊಂಡು ಹಿತ್ತಲಲ್ಲಿ ನೆಲದೊಲೆಯ ಮುಂದೆ ಹೊಗೆ ಕುಡಿಯುತ್ತ ಬಂದವರಿಗೆ ಬೇಯಿಸಿ ಹಾಕುವುದು ಅವರ ಕೆಲಸ. ಲೋಸಲಿನೆ ಆ ಹೊತ್ತಿಗೆ ಅಲ್ಲೇ ಇದ್ದಳು, ಕೆಸುವಿನ ಎಲೆಯಲ್ಲಿ ಮಾಂಸ ಕಟ್ಟುತ್ತ.

"ಕರೀರಿ ಅವಳನ್ನ," ಎಂದಳು ಸಿಯಾಲೆ. ಲೋಸಲಿನೆ ಬಂದು ದೂರದಲ್ಲಿ ಕೂತಳು. "ಏ ಹುಡುಗಿ, ಅಪ್ಪನ ತಲೆ ಹತ್ತಿರ ಮಕ್ಕಳು ಹೋಗಬಾರದು ಅಂದೋರು ನಮ್ಮ ಹಿರಿಯರು. ಸರಿ. ಚುಕ್ಕಾಣಿ ಹಿಡೀಬಾರದು ಅಂದಿದಾರಾ?"

"ಇಲ್ಲ ಅತ್ತೆ."

"ಹಾಗಾದ್ರೆ ಪೆಟ್ಟಿಗೆ ಮುಂದುಗಡೆ. ತಲೆ ಅತ್ಲಾಗೆ, ಕಾಲು ನಿನ್ನ ಕಡೆ. ತಲೆ ಹತ್ರ ನಾನಿರ್ತೀನಿ. ನೀನು ಅಪ್ಪನ ಕಾಲು ನೋಡ್ಕೊಂಡು ದೋಣಿ ನಡೆಸು. ಅದಕ್ಕಿಂತ ಕೆಳಗಿನ ಕೆಲಸ ಬೇಕಾ ನಿನಗೆ?"

ನಕ್ಕರೆ ತಪ್ಪು, ಆದರೂ ಹಿತ್ತಲಿನ ಕಡೆಯಿಂದ ಯಾರೋ ಕಿಸಕ್ಕೆಂದರು.

ಶುಕ್ರವಾರ ಬೆಳಗ್ಗೆ 'ಫೆತುಆಹೋ' ಹೊರಟಿತು. ಪೆಟ್ಟಿಗೆಗೆ ಚಿತ್ರ ಬಿಡಿಸಿದ ತೊಗಟೆ ಬಟ್ಟೆ ಹೊದಿಸಿದ್ದರು. ಹಾಡುವವರು, ಪಾದ್ರಿ, ನೆಂಟರು, ಎಲ್ಲರೂ ಕಪ್ಪು ಬಟ್ಟೆಯಲ್ಲಿ. ಲೋಸಲಿನೆ ಕಂಕುಳವರೆಗೆ ಸುತ್ತಿಕೊಂಡ ಹರಕು ಚಾಪೆ ಅಲ್ಲಾಡಿದಾಗಲೆಲ್ಲ ಬರಬರ ಸದ್ದು ಮಾಡುತ್ತ ಚುಕ್ಕಾಣಿ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಚಾಪೆ, ಒಂದು ಕೈಯಲ್ಲಿ ಚುಕ್ಕಾಣಿ. ಆಗ್ನೇಯದ ಗಾಳಿ ಎಡಗಡೆಯಿಂದ ತಳ್ಳುತ್ತಿತ್ತು.

ಉಯಿಹಾದ ಹತ್ತಿರ ಬಂದಾಗ ಅವಳಿಗೆ ಮೊದಲು ಕಂಡದ್ದು ನೀರಿನಲ್ಲಿ ಕಪ್ಪು ಕಪ್ಪಾದ ಏನೋ. ಇಲ್ಲದ ಕಡೆ ಹವಳದ ಬಂಡೆಗಳು ಎದ್ದಿವೆಯೇ ಎಂದು ಲಾಂಚಿನ ವೇಗ ತಗ್ಗಿಸಿದಳು. ಬಂಡೆಗಳಲ್ಲ, ಜನ. ಊರಿಗೆ ಊರೇ ಸೊಂಟದವರೆಗಿನ ನೀರಿಗೆ ಇಳಿದು ನಿಂತಿತ್ತು. ಮುದುಕರನ್ನು ಎರಡೂ ಕಡೆ ಹಿಡಿದುಕೊಂಡಿದ್ದರು, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಕಟ್ಟೆಗೆ ಲಾಂಚು ತಾಗಲಿ ಎಂದು ಯಾರೂ ಕಾಯಲಿಲ್ಲ. ಇಂಜಿನ್ ನಿಲ್ಲಿಸಿದ್ದೇ ನೀರೊಳಗಿಂದಲೇ ಹಾಡು ಎದ್ದಿತು. ಗಂಡಸರ ಆಳದ ಕಂಠ ಲಾಂಚಿನ ಹಲಗೆಗಳಿಗೆ ಬಡಿದು ಲೋಸಲಿನೆಯ ಪಾದದಿಂದ ಮೈಗೆ ಏರಿತು. ಎಷ್ಟು ಸಲ ಬಂದಿದ್ದಳು ಇಲ್ಲಿಗೆ! ಇವರು ಹಂದಿ ಹತ್ತಿಸುವಾಗ ಜಗಳವಾಡುವವರು, ಲಾಂಚು ತಡವಾದರೆ ಬೈಯುವವರು. ಇವರಲ್ಲಿ ಇಂಥದ್ದೊಂದು ಇದೆಯೆಂದು ಅವಳಿಗೆ ತಿಳಿದಿರಲಿಲ್ಲ.

ತುಂಗುವಾದಲ್ಲೂ ಹಾಗೇ. ಅಲ್ಲಿ ಇಗರ್ಜಿಯ ಗಂಟೆ ದೂರದಿಂದಲೇ ಕೇಳಿಸಿತು. ಆ ಗಂಟೆಯನ್ನು ತಂದದ್ದು ಕಿತಿಯೋನೆಯ ಲಾಂಚು. ಭಾರಕ್ಕೆ ಲಾಂಚು ಮುಳುಗುವಂತಾದಾಗ ಅವನು ತನ್ನ ಸಾಮಾನನ್ನೆಲ್ಲ ಸಮುದ್ರಕ್ಕೆ ಎಸೆದು ಗಂಟೆಯನ್ನು ಉಳಿಸಿದ್ದನಂತೆ. ಒಬ್ಬ ದಡೂತಿ ಗಂಡಸು ಈಜಿಕೊಂಡೇ ಲಾಂಚಿನ ಬದಿಗೆ ಬಂದು ಹಲಗೆ ಹಿಡಿದುಕೊಂಡ. ಅವನ ಹೆಸರೂ ಫೆತುಆಹೋ. ಇದೇ ಲಾಂಚಿನಲ್ಲಿ, ನಡುಗಡಲಿನಲ್ಲಿ, ಈರುಳ್ಳಿ ಮೂಟೆಗಳ ನಡುವೆ ಹುಟ್ಟಿದವನು.

"ಲೋಸಾ," ಎಂದ ಅಳುತ್ತ, "ನಾನು ಹುಟ್ಟಿದಾಗ ಹೊಕ್ಕಳಬಳ್ಳಿ ಕೊಯ್ದಿದ್ದು ನಿಮ್ಮಪ್ಪ, ಮೀನಿನ ಚಾಕೂಲಿ. ನಮ್ಮಮ್ಮ ಈಗಲೂ ಬೈತಾಳೆ, ಅದಕ್ಕೇ ನೀನು ನಾರ್ತೀಯ ಅಂತ."

ಮುಂದುಗಡೆ ಕೂತಿದ್ದ ಸಿಯಾಲೆ ಅಲ್ಲಿಂದಲೇ, "ಚಾಕೂದೇನೂ ತಪ್ಪಿಲ್ಲ, ಸ್ನಾನ ಮಾಡು" ಎಂದಳು. ನೀರಿನಲ್ಲಿದ್ದವರೆಲ್ಲ ಕಣ್ಣೀರಿನ ನಡುವೆಯೇ ನಕ್ಕರು.

ಹಾಫೆವಾದಲ್ಲಿ ಮಾತ್ರ ಬೇರೆಯದೇ ಆಯಿತು. ಅಲ್ಲೂ ಜನ ನೀರಿಗಿಳಿದಿದ್ದರು, ಆದರೆ ಹಾಡಲಿಲ್ಲ. ನಡುವೆ ದಾರಿ ಬಿಟ್ಟು ನಿಂತಿದ್ದರು. ಆ ದಾರಿಯಲ್ಲಿ ಮೆಲೆನೈತೆ ಎಂಬ ಮುದುಕಿಯನ್ನು ಅವಳ ಮೊಮ್ಮಕ್ಕಳು ಕುರ್ಚಿಸಮೇತ ಎತ್ತಿಕೊಂಡು ಬಂದರು. ಮಡಿಲಲ್ಲಿ ಸುತ್ತಿದ ಹಳೆಯ ಚಾಪೆಯೊಂದಿತ್ತು. ಕೇದಗೆಯ ಗರಿಯನ್ನು ಕೂದಲಿನಷ್ಟು ಸಣ್ಣಗೆ ಸೀಳಿ ನೇಯ್ದದ್ದು, ಅಜ್ಜಿಯಿಂದ ಮೊಮ್ಮಗಳಿಗೆ ಬರುವಂಥದ್ದು. ಆದರೆ ಅಂಚಿನುದ್ದಕ್ಕೂ ತೂತು, ಮೈತುಂಬ ಉಪ್ಪಿನ ಬಿಳಿ ಕಲೆ. ಲಾಂಚಿಗೆ ಹತ್ತಿಸಿದಾಗ ಅವಳು ನೇರವಾಗಿ ಪೆಟ್ಟಿಗೆಯ ಬಳಿ ಹೋಗಿ ಚಾಪೆ ಬಿಡಿಸಿ ಹೊದಿಸಿದಳು. ಸಿಯಾಲೆ, ಯಾರಿಗೂ ಏಳದ ಸಿಯಾಲೆ, ಎದ್ದು ನಿಂತಳು.

"ಬಂದೆಯಾ ಮದುಮಗಳೇ," ಎಂದಳು.

"ಬಂದೆ ಅಕ್ಕಾ. ಇದನ್ನ ಅವನ ಜತೆ ಕಳಿಸೋಣ ಅಂತ."

ಇಬ್ಬರೂ ತಬ್ಬಿಕೊಂಡು ಅತ್ತರು. ಆಮೇಲೆ ಸಿಯಾಲೆ ಲೋಸಲಿನೆಯ ಕಡೆ ಕೋಲು ತೋರಿಸಿ, "ಹೋಗಿ ಅವಳ ಹತ್ರ ಕೂತ್ಕೊ. ಅವಳಿಗೆ ಹೇಳು. ಇವನು ಬಾಯಿ ಬಿಟ್ಟೋನಲ್ಲ" ಎಂದಳು.

ಅಪ್ಪ ಹರೆಯದಲ್ಲಿ ಒಮ್ಮೆ ತೇಲಿಹೋಗಿದ್ದ ಎಂದು ಲೋಸಲಿನೆಗೆ ಗೊತ್ತಿತ್ತು. ಹಳಬರು 'ತೇಲಿಹೋದವ' ಎಂದೇ ಅವನನ್ನು ಕರೆಯುತ್ತಿದ್ದರು. ಕೇಳಿದರೆ, "ಇಂಜಿನ್ ಕೆಟ್ಟಿತ್ತು, ಗಾಳಿ ಇತ್ತು. ಇನ್ನೇನು?" ಎಂದು ಎದ್ದು ಹೋಗುತ್ತಿದ್ದ. ಈಗ ಲಾಂಚು ಕೋತುವಿನ ಕಡೆ ತಿರುಗಿತು. ಪಡುವಣದಲ್ಲಿ ತೋಫುವಾ ಬೆಟ್ಟ ಹೊಗೆಯಾಡುತ್ತಿತ್ತು. ಚುಕ್ಕಾಣಿಯ ಪಕ್ಕ ಮೆಟ್ಟಿಲ ಮೇಲೆ ಕೂತು ಮೆಲೆನೈತೆ ಶುರುಮಾಡಿದಳು.

"ನನ್ನ ಮದುವೆಗೆ ಹೋಗ್ತಿದ್ವಿ ಮಗಾ. ನಾನು, ನನ್ನ ದೊಡ್ಡಪ್ಪ ಕಲೇಪಿ, ನಿಮ್ಮಪ್ಪ. ಅವನದು ಹಳೇ ದೋಣಿ, ಯಾರೋ ಬಿಸಾಕಿದ್ದ ಇಂಜಿನ್ನು. ನಡುನೀರಲ್ಲಿ ಕೆಮ್ತು, ಸತ್ತುಹೋಯ್ತು. ಗಾಳಿ ಎತ್ಲಾಗೆ? ಅತ್ಲಾಗೆ." ಅವಳು ಬೆಟ್ಟದ ಆಚೆಗೆ ಕೈ ತೋರಿಸಿದಳು. "ಆ ಬೆಟ್ಟ ನೋಡ್ತಾ ಇದ್ದ ಹಾಗೇ ಚಿಕ್ಕದಾಯ್ತು, ಆಮೇಲೆ ಇಲ್ಲ. ನೆಲ ಅನ್ನೋದೇ ಇಲ್ಲ. ಮದುವೆಗೆ ಅಂತ ಒಯ್ತಿದ್ದ ಗೆಣಸು ತಿಂದ್ವಿ, ಎಳನೀರು ಕುಡಿದ್ವಿ. ಅದೂ ಮುಗೀತು. ಮಳೆ ಬಂದಾಗ ಬಾಯಿ ತೆರ್ಕೊಂಡು ಮಲಗಿದ್ವಿ."

"ಅಪ್ಪ ಏನ್ ಮಾಡ್ತಿದ್ರು?"

"ಮುಖ ನೋಡ್ತಿದ್ದ."

ಲೋಸಲಿನೆ ತಿರುಗಿ ನೋಡಿದಳು.

"ಹೌದು ಕಣೇ. ಬೆಳಗಾದ್ರೆ ಎದುರಿಗೆ ಬಂದು ಕೂತು ಮುಖ ನೋಡೋನು. ನಾವು ಅವನ ಕಣ್ಣಿಗೆ ಕಣ್ಣು ಕೊಡೋವರೆಗೂ ಬಿಡ್ತಿರಲಿಲ್ಲ. ನನ್ನ ದೊಡ್ಡಪ್ಪ ಗೋಡೆ ಕಡೆ ತಿರುಗಿದ ಹಾಗೆ ಹಲಗೆ ಕಡೆ ತಿರುಗಿ ಮಲಗಿಬಿಟ್ಟ, ಸಾಯ್ತೀನಿ ಬಿಡೋ ಅಂತ. ನಿಮ್ಮಪ್ಪ ಬಿಸಿಲಲ್ಲಿ ಅವನ ಪಕ್ಕ ಕೂತ. 'ಕಲೇಪಿ, ನೋಡು. ಕಲೇಪಿ, ಇಲ್ಲಿ ನೋಡು.' ಸಂಜೆವರೆಗೆ ಅದೇ. ಕೊನೆಗೆ ದೊಡ್ಡಪ್ಪ ಸಿಟ್ಟಿಗೆದ್ದು, ನಿನ್ನ ಮುಖಕ್ಕಿಷ್ಟು ಅಂತ ತಿರುಗಿ ನೋಡ್ದ. ಆ ಸಿಟ್ಟೇ ಅವನನ್ನ ಬದುಕಿಸ್ತು."

ಅಲೆಯೊಂದು ಲಾಂಚನ್ನು ಎತ್ತಿ ಇಳಿಸಿತು. ಮೆಲೆನೈತೆ ಕಂಬ ಹಿಡಿದುಕೊಂಡಳು.

"ಆಮೇಲೆ ಅವನು ನನ್ನ ಚಾಪೆ ಕೇಳ್ದ. ಹಾಯಿ ಕಟ್ಟೋಕೆ. ದೊಡ್ಡಪ್ಪ ಕುಣಿದಾಡಿಬಿಟ್ಟ: 'ಇದು ನಮ್ಮಜ್ಜಿ ನೇಯ್ದಿದ್ದು, ಅರಸರ ಮುಂದೆ ಹಾಸಿದ ಚಾಪೆ, ಇದಕ್ಕೆ ತೂತು ಹೊಡೀತೀಯಾ?' ನಿಮ್ಮಪ್ಪ ನನ್ನನ್ನ ಕೇಳ್ದ. 'ತಂಗೀ, ಈ ಚಾಪೆ ಎಲ್ಲಿಗೆ ಹೋಗಬೇಕಾಗಿತ್ತು?' ಮದುಮಗನ ಮನೆಗೆ ಅಂದೆ. 'ಹಾಗಾದ್ರೆ ಅದೇ ನಮ್ಮನ್ನ ಕರ್ಕೊಂಡು ಹೋಗಲಿ.' ನಾನೇ ತೂತು ಹೊಡೆದೆ ಮಗಾ, ಈ ಕೈಯಲ್ಲಿ. ಹುಟ್ಟನ್ನೇ ಕಂಬ ಮಾಡಿ ಏರಿಸ್ದ. ಚಾಪೆಗೆ ಗಾಳಿ ತುಂಬಿದಾಗ ಹೇಗಿತ್ತು ಗೊತ್ತಾ... ಮುತ್ತಜ್ಜಿ ಎದ್ದು ನಿಂತ ಹಾಗಿತ್ತು. ದೊಡ್ಡಪ್ಪ ಬೈಯೋದು ಮರೆತು ಕೈ ಮುಗಿದ."

ಫಿಜಿಯ ಕಡೆಯ ಲಾವು ದ್ವೀಪವೊಂದಕ್ಕೆ ಹಾಗೆ ಹೋಗಿ ಸೇರಿದ್ದು. ಕೊಬ್ಬರಿ ಹಡಗು ಹಿಡಿದು ತಿರುಗಿ ಬರುವಷ್ಟರಲ್ಲಿ ಕೋತುವಿನಲ್ಲಿ ಕಿತಿಯೋನೆಯ ಸಾವಿನ ಕ್ರಿಯೆಗಳೆಲ್ಲ ಮುಗಿದಿದ್ದವು. ಸಿಯಾಲೆ ಶೋಕಕ್ಕೆ ತಲೆಗೂದಲು ಕತ್ತರಿಸಿಕೊಂಡಿದ್ದಳು. ದಡಕ್ಕೆ ಕಾಲಿಟ್ಟ ತಮ್ಮನನ್ನು ತಬ್ಬಿಕೊಳ್ಳುವ ಮೊದಲು ಎರಡೂ ಕೆನ್ನೆಗೆ ಬಾರಿಸಿ, "ನನ್ನ ಕೂದಲು ವಾಪಸ್ ಕೊಡೋ" ಎಂದಿದ್ದಳಂತೆ.

"ಮದುವೆ ಆಯ್ತು ನಂದು," ಎಂದಳು ಮೆಲೆನೈತೆ. "ಹರಿದ ಚಾಪೆ ಜತೇಲೇ. ನಿಮ್ಮತ್ತೆ ಕೂತು ನನಗೊಂದು ಹೊಸ ಚಾಪೆ ನೇಯ್ದುಕೊಟ್ಳು. ವರ್ಷಗಟ್ಟಲೆ ಹಿಡೀತು. ತಮ್ಮ ತಗೊಂಡಿದ್ದನ್ನ ಅಕ್ಕ ಕೊಟ್ಳು, ಮಾತಿಲ್ಲದೆ. ನಿಮ್ಮಪ್ಪ ಮತ್ತೆ ದೋಣಿ ರಿಪೇರಿ ಮಾಡಿ ಪಂಗಾಯ್ ಕಟ್ಟೇಲಿ ತಂದು ನಿಲ್ಲಿಸ್ದ, ಬನ್ನಿ ಕರ್ಕೊಂಡು ಹೋಗ್ತೀನಿ ಅಂತ. ಯಾರು ಹತ್ತುತಾರೆ? ತೇಲಿಹೋದವನ ದೋಣಿ! ಎಲ್ಲಾ ದೂರ ನಿಂತು ಗೇಲಿ ಮಾಡ್ತಿದ್ರು. 'ಕಿತಿಯೋನೇ, ಹಾಫೆವಾಕ್ಕೆ ಹೋಗ್ತೀಯೋ ಫಿಜೀಗೋ?' ನಾನೂ ಅಲ್ಲೇ ಇದ್ದೆ, ಚೊಚ್ಚಲ ಕೂಸು ಎತ್ಕೊಂಡು, ಗಂಡನ ಜತೆ. ನನಗೆ ಎಲ್ಲಿತ್ತೋ ಕೋಪ. ಕೂಸು ಸಮೇತ ಹೋಗಿ ದೋಣೀಲಿ ಕೂತೆ. ಅಲ್ಲಿಂದಲೇ ಕೂಗಿ ಹೇಳಿದೆ. 'ಲೇ, ಎಲ್ಲರ ದೋಣೀನೂ ಹೋಗುತ್ತೆ. ಕಳೆದುಹೋಗಿ ವಾಪಸ್ ಬಂದಿದ್ದು ಇವನದೊಂದೇ!'"

ಮುದುಕಿ ನಕ್ಕಳು. "ನನ್ನ ಗಂಡ ಪಾಪ, ಹೆದರ್ಕೊಂಡೇ ಹತ್ತಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಜಾಗ ಸಾಲಲಿಲ್ಲ."

ಲೋಸಲಿನೆ ಚುಕ್ಕಾಣಿಯನ್ನು ಸ್ವಲ್ಪ ತಿರುಗಿಸಿ ನೇರ ಮಾಡಿದಳು. ಮುಂದೆ ಚಾಪೆಯ ಕೆಳಗೆ ಅಪ್ಪನ ಕಾಲಿನ ಕಡೆಯ ಹಲಗೆ ಕಾಣುತ್ತಿತ್ತು. ತಾನು ಹುಟ್ಟಿದಾಗಿನಿಂದ ಉಂಡ ಅನ್ನ, ಉಟ್ಟ ಬಟ್ಟೆ, ಓದಿದ ಶಾಲೆ, ಈ ಲಾಂಚು, ಎಲ್ಲ ಒಬ್ಬ ಮದುಮಗಳು ಕೂಸು ಎತ್ತಿಕೊಂಡು ಹೋಗಿ ಕೂತ ಆ ಒಂದು ಗಳಿಗೆಯಿಂದ ಹುಟ್ಟಿದ್ದು. ಅಪ್ಪ ಇದನ್ನು ಒಳಗಿಟ್ಟುಕೊಂಡು ಅಷ್ಟು ವರ್ಷ ಈರುಳ್ಳಿ ಮೂಟೆ ಹೊತ್ತ. ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಭಯಭಕ್ತಿ ಹುಟ್ಟಿತು. ದೊಡ್ಡ ತಿಮಿಂಗಿಲ ದೋಣಿಯ ಕೆಳಗೇ ಹಾದುಹೋಗಿದ್ದು ಆಮೇಲೆ ತಿಳಿದವರಿಗೆ ಆಗುವಂಥದ್ದು.

ಕೋತು ಕಂಡಿತು.  ದ್ವೀಪದ ಸುತ್ತ ಹವಳದ ದಿಬ್ಬ. ಒಳಗೆ ಹೋಗಲು ಒಂದೇ ಇಕ್ಕಟ್ಟಾದ ಬಾಯಿ. ದಿನಾ ಅದರ ಎರಡೂ ಅಂಚಿನಲ್ಲಿ ನೆಟ್ಟ ಗಳ ನೋಡಿಕೊಂಡು ನುಗ್ಗುವುದು. ಇವತ್ತು ಗಳಗಳು ಇರಲಿಲ್ಲ. ರಾತ್ರಿಯ ಅಲೆ ಅವನ್ನು ಕಿತ್ತುಕೊಂಡು ಹೋಗಿತ್ತು. ಎಲ್ಲಿ ನೋಡಿದರೂ ಬಿಳಿಯ ನೊರೆ, ಒಂದೇ ಸಮ. ಬಾಯಿ ಎಲ್ಲಿ, ಬಂಡೆ ಎಲ್ಲಿ? ಅವಳು ಇಂಜಿನ್ ತಗ್ಗಿಸಿದಳು. 

"ಅತ್ತೇ," ಎಂದು ಕೂಗಿದಳು, "ಗಳ ಇಲ್ಲ. ದಾರಿ ಕಾಣ್ತಿಲ್ಲ."

"ಕಾಯಿ," ಎಂದಳು ಸಿಯಾಲೆ, ತಿರುಗಿಯೂ ನೋಡದೆ. "ನಮ್ಮೂರವರು ಕುರುಡರಲ್ಲ."

ದಡದಲ್ಲಿ ಜನ ಕದಲಿದರು. ಗಂಡಸರು, ಹೆಂಗಸರು, ಶಾಲೆಯ ಮಕ್ಕಳು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ದಿಬ್ಬದ ಮೇಲೆ ನಡೆದು ಬರತೊಡಗಿದರು. ಅಲೆ ಬಂದಾಗ ಎದೆಯವರೆಗೆ ಮುಳುಗುತ್ತಿದ್ದರು. ಅಲೆ ಇಳಿದಾಗ ಮತ್ತೆ ಮುಂದಕ್ಕೆ. ಮಕ್ಕಳನ್ನು ಒಳಗಡೆ ನಿಲ್ಲಿಸಿ, ಗಟ್ಟಿಗರು ಹೊರಗಿನ ತುದಿಯವರೆಗೆ ಬಂದರು. ಬಾಯಿಯ ಈ ಅಂಚಿಗೊಂದು ಸಾಲು, ಆ ಅಂಚಿಗೊಂದು ಸಾಲು. ಕಪ್ಪು ಬಟ್ಟೆಯ ಎರಡು ಸಾಲು ಬಿಳಿಯ ನೊರೆಯಲ್ಲಿ ಎದ್ದು ನಿಂತಿತು. ನಡುವೆ ನೀಲಿ ನೀರಿನ ದಾರಿ. ಆಮೇಲೆ ಅವರು ಹಾಡತೊಡಗಿದರು. ಅಲೆ ಹಾಡುವವರ ಬಾಯಿಗೆ ಬಡಿದಾಗ ಒಂದು ಸಾಲಿನ ದನಿ ಮುರಿಯುತ್ತಿತ್ತು, ಅಷ್ಟರಲ್ಲಿ ಇನ್ನೊಂದು ಸಾಲು ಎತ್ತಿಕೊಳ್ಳುತ್ತಿತ್ತು.

ಲೋಸಲಿನೆ ದೊಡ್ಡ ಅಲೆಯೊಂದರ ಬೆನ್ನಿಗೆ ಕಾದು, ಇಂಜಿನ್ ಪೂರ್ತಿ ತೆರೆದಳು. ಲಾಂಚು ನುಗ್ಗಿತು. ಎರಡೂ ಕಡೆ ಮುಖಗಳು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ: ಒದ್ದೆ ಮುಖ, ತೆರೆದ ಬಾಯಿ, ಅವಳನ್ನೇ ನೋಡುವ ಕಣ್ಣು. ಬಲಸಾಲಿನ ಒಬ್ಬಾಕೆ ಕಾಲು ಜಾರಿ ಮುಳುಗಿದಳು, ಪಕ್ಕದವರು ಎಳೆದು ನಿಲ್ಲಿಸಿದರು, ಅವಳು ಉಪ್ಪುನೀರು ಉಗುಳಿ ಬಿಟ್ಟ ಜಾಗದಿಂದಲೇ ಹಾಡು ಹಿಡಿದಳು. ತಳ ಎಲ್ಲೂ ತಾಗಲಿಲ್ಲ. ಒಳಗಿನ ಶಾಂತ ನೀರಿಗೆ ಬಂದಾಗ ಲೋಸಲಿನೆ ಚಕ್ರಕ್ಕೇ ಜೋತುಬಿದ್ದಳು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಶನಿವಾರ ಕಿತಿಯೋನೆಯನ್ನು ಹೆಂಡತಿಯ ಮಗ್ಗುಲಲ್ಲಿ ಮರಳಿಗಿಳಿಸಿದರು, ಹಾಯಿಯಾಗಿದ್ದ ಚಾಪೆಯೊಂದಿಗೆ. ಮಕ್ಕಳು ಕಟ್ಟಳೆಯಂತೆ ಎಲ್ಲರ ಹಿಂದೆ ಕೂತರು. ಮಣ್ಣಾದ ಮೇಲೆ ಸಿಯಾಲೆ ಕತ್ತರಿ ಹಿಡಿದು ಬಂದು ಲೋಸಲಿನೆಯ ಉದ್ದ ಜಡೆ ಕತ್ತರಿಸಿದಳು. ಕತ್ತರಿಸುತ್ತ ಮೆಲ್ಲಗೆ, "ಈ ಸಲ ಕೂದಲು ವಾಪಸ್ ಕೊಡೋ ಅಂತ ಅವನನ್ನ ಕೇಳೋಕಾಗಲ್ಲ" ಎಂದಳು. 

ಶೋಕದ ದಿನಗಳು ಕಳೆದ ಮೇಲೆ ಗೋರಿಗೆ ಹಾಕಲು ತೋಫುವಾದ ಕರಿಯ ನುಣುಪು ಕಲ್ಲು ತರಬೇಕು. ಅದು ಮನೆಯವರ ಕೆಲಸ. ಒಂದೆರಡು ಬುಟ್ಟಿ ಸಾಕು. ಲೋಸಲಿನೆ ಲಾಂಚು ಬಿಟ್ಟಾಗ ಅಣ್ಣ ಮತ್ತು ಅವನ ಹೆಂಡತಿ ಇಬ್ಬರೇ ಜತೆಗಿದ್ದರು. ಬೆಟ್ಟದ ಬುಡ ಸೇರುವಷ್ಟರಲ್ಲಿ ಸೆಮಿಸಿ, "ಲೋಸಾ, ಹಿಂದೆ ನೋಡು" ಎಂದ. ಹಾಫೆವಾದ ದೋಣಿಗಳು ಬರುತ್ತಿದ್ದವು. ತುಂಗುವಾದ್ದು, ಉಯಿಹಾದ್ದು. ಕಿತಿಯೋನೆಯ ಗಿರಾಕಿಗಳನ್ನು ವರ್ಷಗಟ್ಟಲೆ ಸೆಳೆಯಲು ನೋಡಿದ್ದ ಇನ್ನೊಂದು ಕಂಪನಿಯ ಲಾಂಚೂ ಇತ್ತು. ಅದರ ಮಾಲೀಕ ಟೋಪಿ ತೆಗೆದು, "ಅವನಿಲ್ಲದೆ ನನಗೆ ಯಾರ ಜತೆ ಜಗಳ ಹೇಳಮ್ಮ?" ಎಂದ.

ಹೊಗೆಯಾಡುವ ಬೆಟ್ಟದ ಕೆಳಗೆ, ಕರಿಯ ದಡದಲ್ಲಿ, ಮಧ್ಯಾಹ್ನವೆಲ್ಲ ಅಷ್ಟು ಜನ ಬಗ್ಗಿ ಕಲ್ಲು ಆರಿಸಿದರು. ಕೋತುವಿಗೆ ತಂದು, ತೊಳೆದು, ಎಣ್ಣೆ ಹಚ್ಚಿ ಸುರಿದರು. ಕಿತಿಯೋನೆಯ ಗೋರಿ ತುಂಬಿತು, ಹೆಂಡತಿಯ ಗೋರಿ ತುಂಬಿತು, ಕಲ್ಲು ಇನ್ನೂ ಉಳಿಯಿತು. ಸಿಯಾಲೆ ಸುತ್ತ ನೋಡಿದಳು. ಹುಲ್ಲು ಬೆಳೆದ, ವಾರಸುದಾರರಿಲ್ಲದ, ಹೆಸರೂ ಅಳಿಸಿಹೋದ ಗೋರಿಗಳಿದ್ದವು ಅಲ್ಲಿ.

"ಸುರೀರಿ, ಅವಕ್ಕೂ ಸುರೀರಿ," ಎಂದಳು. "ಇವನು ಒಬ್ಬನೇ ಹೋಗೋ ಜಾತಿ ಅಲ್ಲ."

ಸಂಜೆ ಬಿಸಿಲಿಗೆ ಆ ಚಿಕ್ಕ ಸ್ಮಶಾನ ಪೂರ್ತಿ ಕರಿಮಿಂಚು ಮಿಂಚುತ್ತಿತ್ತು.  ಹೊಳೆಯುವ ಕಲ್ಲುಗಳ ಮುಂದೆ ಕಾವಾ ಬೇರಿನ ಪಾನೀಯದ ಬೋಗುಣಿ ಕೈಯಿಂದ ಕೈಗೆ ಸಾಗಿತು. ಕೋತು ಶಾಲೆಯ ಮೇಷ್ಟರು ಲೋಸಲಿನೆಯ ಬಳಿ ಬಂದು, ಹೇಳಲೋ ಬೇಡವೋ ಎಂಬಂತೆ, "ಸೋಮವಾರ ಪಂಗಾಯಿಗೆ ಹೋಗಬೇಕಿತ್ತು" ಎಂದರು.

"ಬನ್ನಿ ಮೇಷ್ಟ್ರೇ," ಎಂದಳು ಅವಳು. "ನೀರೇರೋ ಹೊತ್ತಿಗೆ ಬಿಡ್ತೀನಿ."